ಪಂಕ್ತಿ ಎದ್ದ ಮೇಲೆ



ದಾಸೋಹವು ಯಾವಾಗ ಮುಗಿಯುತ್ತದೆ? ಕೊನೆಯ ಪಂಕ್ತಿಯ ಭಕ್ತರು ಉಂಡು ತೃಪ್ತರಾಗಿ ಎದ್ದಾಗ ಎಂದು ಯಾರಾದರೂ ಹೇಳಿಯಾರು. ಅವರು ಉಂಡ ಎಲೆಯು ಮಣ್ಣನ್ನು ಸೇರುವ ತನಕ ಅದು ಮುಗಿಯುವುದಿಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ. ಈ ವಿಷಯವನ್ನು ಕುರಿತು ತಮ್ಮೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇನೆ.

ಜಾತ್ರೆಯ ಪ್ರಸಾದಕ್ಕೆ ಮುತ್ತಲ ಎಲೆಯ ಪತ್ರಾವಳಿಯನ್ನೇ ಬಳಸುತ್ತಿದ್ದ ಕಾಲವನ್ನು ನನ್ನಂತಹ ಹಿರಿಯರೆಲ್ಲ ಬಲ್ಲರು. ಮುತ್ತಲ ಗಿಡವು ಯಾರಿಂದಲೂ ನೀರು, ಗೊಬ್ಬರಗಳನ್ನು ಬೇಡದೆ ಬರಡು ನೆಲದಲ್ಲಿಯೂ ಬದುಕುತ್ತದೆ. ಅದರ ಎಲೆಗಳನ್ನು ಕೊಯ್ದು ತಂದು, ಸಣ್ಣ ಕಡ್ಡಿಗಳಿಂದ ಹಚ್ಚಿ, ಒಣಗಿಸಿ, ಕಟ್ಟು ಕಟ್ಟಿ ಮಠಕ್ಕೆ ಒಪ್ಪಿಸುವುದು ನಮ್ಮ ಭಾಗದ ಎಷ್ಟೋ ಬಡ ತಾಯಂದಿರ ಕಾಯಕವಾಗಿತ್ತು. ಉಂಡೆದ್ದ ಎಲೆಗಳು ತಿಪ್ಪೆಯನ್ನು ಸೇರಿ, ಕೊಳೆತು, ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿದ್ದವು. ಜಾತ್ರೆಯು ಮುಗಿದ ಮೇಲೆ ಊರಿಗೆ ಉಳಿಯುತ್ತಿದ್ದುದು ಗೊಬ್ಬರವೇ ಹೊರತು ಕಸವಲ್ಲ.

ಪ್ರಸಾದ ನಿಲಯದಲ್ಲಿದ್ದು ಓದಿದವರಿಗೆ ಇನ್ನೊಂದು ನೆನಪೂ ಇರಬೇಕು. ನಾವೆಲ್ಲರೂ ಊರಿನಿಂದ ನಮ್ಮ ನಮ್ಮ ತಾಟು, ತಂಬಿಗೆಗಳನ್ನು ತಂದಿದ್ದೆವು. ಉಂಡ ತಾಟನ್ನು ಬೂದಿ ಹಚ್ಚಿ ಬೆಳಗುವುದು ಆಯಾ ವಿದ್ಯಾರ್ಥಿಯದೇ ಕೆಲಸ. ಆ ನೀರು ಬಾಳೆಯ ಮಡಿಗಳಿಗೆ ಹರಿಯುತ್ತಿತ್ತು. ಪರಿಸರವೆಂಬ ಶಬ್ದವನ್ನು ಆಗ ನಮಗೆ ಯಾರೂ ಬೋಧಿಸಲಿಲ್ಲ. ತಾಟನ್ನು ಬೆಳಗಿಡುವುದನ್ನು ಮಾತ್ರ ಕಲಿಸಿದರು.

ಇಂದು ಜಾತ್ರೆಯ ಮರುದಿನದ ಬಯಲನ್ನು ತಾವು ಗಮನಿಸಿರಬಹುದು. ಒಬ್ಬರಿಗೆ ಒಂದು ತಟ್ಟೆ, ಎರಡು ಲೋಟ, ಒಂದು ಚಮಚವೆಂದು ಎಣಿಸಿದರೂ 5,000 ಜನ ಉಂಡಲ್ಲಿ ಒಂದೇ ಹೊತ್ತಿಗೆ 20,000 ವಸ್ತುಗಳು ಕಸವಾಗುತ್ತವೆ. ಅನ್ನದ ವಾಸನೆಗೆ ಬಂದ ದನಗಳು ಎಂಜಲಿನೊಡನೆ ಪ್ಲಾಸ್ಟಿಕ್ಕನ್ನೂ ನುಂಗುತ್ತವೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟುಗಟ್ಟಿ, ಮೇವಿಗೆ ಸ್ಥಳವಿಲ್ಲದಂತೆ ಮಾಡುತ್ತದೆ. ಹೊಟ್ಟೆ ತುಂಬಿರುವಂತೆ ಕಂಡರೂ ಆ ಮೂಕಪ್ರಾಣಿಯು ಹಸಿವಿನಿಂದಲೇ ಸೊರಗುತ್ತದೆ. ಎತ್ತನ್ನು ಬಸವಣ್ಣನೆಂದು ಪೂಜಿಸುವ ನಾಡಿನಲ್ಲಿ ಇದು ನಡೆಯುತ್ತಿದೆ! ಕಸವನ್ನು ಸುಟ್ಟರೆ ವಿಷದ ಹೊಗೆ. ಹಾಗೆಯೇ ಬಿಟ್ಟರೆ ಮೊದಲ ಮಳೆಗೆ ಅದು ಹಳ್ಳವನ್ನು ಹಿಡಿದು ಕೆರೆಯನ್ನು ಸೇರುತ್ತದೆ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಿನಲ್ಲಿಯೇ ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚ, ಬ್ಯಾನರು, ತೋರಣಗಳನ್ನೂ ಊಟದ ಮೇಜಿನ ಮೇಲೆ ಹಾಸುವ ಹಾಳೆಯನ್ನೂ ನಿಷೇಧಿಸಿತು. ತಯಾರಿಸುವುದು, ಮಾರುವುದು, ಬಳಸುವುದು ಮೂರೂ ಅಪರಾಧವೇ. ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ಇಂತಹ ಹಲವು ವಸ್ತುಗಳನ್ನೂ ಅಲಂಕಾರದ ಥರ್ಮಾಕೋಲನ್ನೂ ದೇಶದಾದ್ಯಂತ ನಿಷೇಧಿಸಿತು. ಆದರೂ ಅವು ಅಂಗಡಿಗಳಲ್ಲಿ ದೊರೆಯುತ್ತಿವೆ. ಕೊಳ್ಳುವವನಿರುವ ತನಕ ಮಾರುವವನೂ, ಮಾರುವವನಿರುವ ತನಕ ತಯಾರಿಸುವವನೂ ಇದ್ದೇ ಇರುತ್ತಾರೆ. ಸರಪಳಿಯ ಈ ತುದಿಯು ನಮ್ಮ ಕೈಯಲ್ಲಿದೆ ಎಂಬುದನ್ನು ನಾವು ಮರೆತಿದ್ದೇವೆ.

ಹಾಗಾದರೆ ಕಾಗದದ ಲೋಟಗಳನ್ನು ತರಿಸಿದರಾಯಿತು ಎನ್ನುವವರುಂಟು. ನೀರು ಸೋರದಿರಲೆಂದು ಅವುಗಳಲ್ಲಿ ಬಹುಪಾಲಿಗೆ ಒಳಗಡೆ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ಲೇಪಿಸಿರುತ್ತಾರೆ. ಆದುದರಿಂದ ಅವು ಪೂರ್ತಿಯಾಗಿ ಮಣ್ಣಾಗುವುದೂ ಇಲ್ಲ, ಮರುಬಳಕೆಗೆ ಸುಲಭವಾಗಿ ಒದಗುವುದೂ ಇಲ್ಲ. ಬಿಸಾಡುವ ಒಂದು ವಸ್ತುವಿನ ಬದಲು ಬಿಸಾಡುವ ಇನ್ನೊಂದನ್ನು ತಂದರೆ ರೋಗದ ಹೆಸರು ಬದಲಾಯಿತೇ ಹೊರತು ರೋಗವು ವಾಸಿಯಾಗಲಿಲ್ಲ.

ತಾಟು ತೊಳೆಯಲು ನೀರೆಲ್ಲಿದೆ ಎಂಬ ಪ್ರಶ್ನೆಯು ನ್ಯಾಯವಾದದ್ದೇ. ಬೇಸಿಗೆಯ ಜಾತ್ರೆಯಲ್ಲಿ ಕುಡಿಯುವ ನೀರಿಗೇ ತೊಂದರೆಯಾಗುವ ಊರುಗಳು ನಮ್ಮಲ್ಲಿ ಅನೇಕ. ಅಂತಹ ಕಡೆ ಬಾಳೆಯ ಎಲೆ, ಮುತ್ತಲ ಪತ್ರಾವಳಿಗಳೇ ಯೋಗ್ಯ. ನೀರಿನ ಅನುಕೂಲವಿದ್ದಲ್ಲಿ ಸ್ಟೀಲಿನ ತಾಟುಗಳನ್ನು ಇಡಬಹುದು. ಎಂಜಲನ್ನು ಮೊದಲು ಕೊಡವಿ, ಸಾಲಾಗಿರಿಸಿದ ಮೂರು ಪಾತ್ರೆಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿ ತೊಳೆದರೆ ಸ್ವಲ್ಪ ನೀರೇ ಸಾಕಾಗುತ್ತದೆ; ಆ ನೀರನ್ನು ತೆಂಗಿನ ಬುಡಕ್ಕೆ ಬಿಡಬಹುದು.

ತಮ್ಮಲ್ಲಿ ನನ್ನ ಬಿನ್ನಹಗಳು ಮೂರು. ದಾಸೋಹದ ಸೇವೆಯನ್ನು ವಹಿಸಿಕೊಳ್ಳುವ ಭಕ್ತರು ಅಕ್ಕಿ, ಬೇಳೆಗಳ ಯಾದಿಯನ್ನು ಬರೆಯುವಾಗಲೇ ಎಲೆಯ ಲೆಕ್ಕವನ್ನೂ ಬರೆಯಬೇಕು. ಮೂರು ತಿಂಗಳು ಮೊದಲೇ ಹೇಳಿದರೆ ಪತ್ರಾವಳಿ ಹಚ್ಚುವ ಕೈಗಳಿಗೆ ಮತ್ತೆ ಕೆಲಸ ದೊರಕೀತು. ಜಾತ್ರೆಗೆ ಬರುವವರು ಮನೆಯಿಂದ ತಾಟು, ಲೋಟಗಳನ್ನು ತರಲು ಸಂಕೋಚಪಡಬಾರದು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಮದುವೆ, ಗೃಹಪ್ರವೇಶಗಳಲ್ಲಿಯೂ ಇದೇ ನಿಯಮವನ್ನು ಪಾಲಿಸಬೇಕು. ಊರಿನ ಗಣ್ಯರ ಮನೆಯಲ್ಲಿ ನಡೆದುದು ಮರುವರ್ಷ ಊರಿಗೆಲ್ಲ ಪದ್ಧತಿಯಾಗುತ್ತದೆ.

ಪ್ರಸಾದವನ್ನು ತಾಟಿನಲ್ಲಿ ಬಿಡಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಒಂದು ಅಗುಳನ್ನು ವ್ಯರ್ಥ ಮಾಡಲು ಇಂದಿಗೂ ನಮ್ಮ ಮನಸ್ಸು ಒಪ್ಪುವುದಿಲ್ಲ. ಅಗುಳಿನ ಮೇಲಿನ ಆ ಗೌರವವು ಅದನ್ನು ಬೆಳೆದ ಮಣ್ಣಿಗೂ, ಉತ್ತ ಎತ್ತಿಗೂ, ನೀರುಣಿಸಿದ ಕೆರೆಗೂ ಸಲ್ಲಬೇಕಲ್ಲವೇ? ಸಹೃದಯರಾದ ತಾವು ಮುಂದಿನ ಜಾತ್ರೆಯು ಬರುವುದರೊಳಗಾಗಿ ಇದನ್ನು ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.