ಸ್ಕ್ರೀನ್ ಕಪ್ಪಾದಾಗ

ಅಬ್ಬಾ ಕೊಂಡ ಹಳೇ ಕಾರಿನ ಸ್ಕ್ರೀನ್ ಆಗಾಗ ಹ್ಯಾಂಗ್ ಆಗುತ್ತಿತ್ತು. ಕುದೂರಿನ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ, ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಹಾಕಿದೆ. ಮುಗಿಯುವವರೆಗೆ ಆಫ್ ಮಾಡಬೇಡಿ ಎಂದು ತೋರಿಸುತ್ತಿತ್ತು. ಅವಸರ ನನ್ನದು, ಅರ್ಧದಲ್ಲೇ ಕೀ ತಿರುಗಿಸಿದೆ. ಸ್ಕ್ರೀನ್ ಕಪ್ಪಾಯಿತು, ಅದರ ಜೊತೆ ಹಿಂಬದಿಯ ಕ್ಯಾಮೆರಾವೂ ಹೋಯಿತು.

ರಾತ್ರಿ ಆ ಫೈಲನ್ನು ಕಂಪ್ಯೂಟರ್‌ನಲ್ಲಿ ತೆರೆದೆ. ಬರೀ ಅರ್ಥವಿಲ್ಲದ ಅಕ್ಷರಗಳು. ಯಾರೂ ಬಿಚ್ಚಿ ಓದಿ ಕದಿಯದಿರಲೆಂದು ಕೋಡನ್ನು ಎನ್‌ಕ್ರಿಪ್ಟ್ ಮಾಡಿರುತ್ತಾರಂತೆ. ಕಾಮರ್ಸ್ ಓದುವ ನನಗೆ ಇದು ಅರ್ಥವಾಗುತ್ತದೆ, ಕೋಡೇ ಅವರ ಆಸ್ತಿ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ನ್ಯಾಯವಾಗಿ ಪಡೆದ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ ತಿಳಿದುಕೊಳ್ಳುವುದನ್ನು ತಪ್ಪೆನ್ನುವುದಿಲ್ಲ. ಕಾಯ್ದೆ ಬಿಟ್ಟರೂ ಬೀಗ ಬಿಡಬೇಕಲ್ಲ!

ಬೆಳಿಗ್ಗೆ ಅಬ್ಬಾ ಬೈಯಲಿಲ್ಲ. “ಬೇಟಾ, ಹಿಂದೆ ನಿಂತು ನೋಡಿ ಹೇಳು” ಎಂದು ರಿವರ್ಸ್ ತೆಗೆದರು.