ನೈಸಾದ ಟೈರು, ಮಂಜಿನ ದಾರಿ

ಜನವರಿ, ಬೆಳಗಿನ ಐದು ಗಂಟೆ. ವಕ್ಕಲೇರಿಯ ಮಾರ್ಕಂಡೇಶ್ವರ ಬೆಟ್ಟ ಎದುರಿಗೇ ಇರಬೇಕು, ಮಂಜಿನಲ್ಲಿ ಕಾಣುತ್ತಿಲ್ಲ. ತೋಟದ ಬದುವಿನಲ್ಲಿ ನಿಂತ ಟೆಂಪೊಗೆ 15 ಕೆಜಿಯ ಟೊಮೆಟೊ ಬಾಕ್ಸುಗಳು ಏರುತ್ತಿವೆ. ಕಿವಿಗೆ ಮಫ್ಲರ್ ಸುತ್ತಿಕೊಂಡ ಡ್ರೈವರ್ ಮೊಬೈಲ್ ಟಾರ್ಚ್ ಹಿಡಿದು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ.

"ಇಲ್ಲಿ ಬೆರಳಿಡಿ ಸಾರ್."

ಇಡುತ್ತೀರಿ. ಟೈರಿನ ಗೀರಿನೊಳಗೆ ಅಡ್ಡಕ್ಕೆ ಪುಟ್ಟ ರಬ್ಬರ್ ದಿಣ್ಣೆ. ಸುತ್ತಲಿನ ಬಟನ್ ಸವೆದು ಇದರ ಮಟ್ಟಕ್ಕೆ ಬಂತೆಂದರೆ ಉಳಿದಿರುವುದು ಬರೀ 1.6 ಮಿಲಿಮೀಟರ್. ನಮ್ಮ ಮೋಟಾರು ವಾಹನ ನಿಯಮ ಅದಕ್ಕಿಂತ ಕೆಳಗೆ ಒಪ್ಪುವುದಿಲ್ಲ. ನಿಮ್ಮ ಬೆರಳಿಗೆ ಎರಡೂ ಹೆಚ್ಚುಕಡಿಮೆ ಒಂದೇ ಸಮ.

ನೋಡು ಅಂತ ಡ್ರೈವರ್‌ಗೆ ಹೇಳಿದವನು ಮ್ಯೂನಿಕ್‌ನಲ್ಲಿ ಕೆಲಸಕ್ಕಿರುವ ಅವನ ತಮ್ಮ. ರಾತ್ರಿ ಬಂದ ವಾಯ್ಸ್ ಮೆಸೇಜ್ ಮತ್ತೆ ಮಾತಾಡುತ್ತದೆ: "ಅಣ್ಣಾ, ಇಲ್ಲಿ ಹಿಮ ಬಿದ್ದೈತೆ. ಟೈರಿನ ಮೇಲೆ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಗುರುತು ಇಲ್ದಿದ್ರೆ ಇಂಥ ರೋಡಿಗೆ ಗಾಡಿ ಇಳಿಸಂಗಿಲ್ಲ, ಫೈನ್ ಹಾಕ್ತಾರೆ. ಪಕ್ಕದ ಆಸ್ಟ್ರಿಯಾದಲ್ಲಿ ಚಳಿಗಾಲದ ಟೈರಿಗೆ 4 ಮಿಲಿಮೀಟರ್ ಬಟನ್ ಇರ್ಲೇಬೇಕು. ನಿನ್ ಟೈರ್ ಒಂದ್ಸಲ ನೋಡ್ಕೊ."

ಬಾಕ್ಸ್ ಎತ್ತುತ್ತಿದ್ದ ಹುಡುಗ ನಗುತ್ತಾನೆ. "ನಮ್ಗೆಲ್ಲಿಂದ ಬರ್ಬೇಕಣ್ಣ ಹಿಮ?"

"ಹಿಮ ಯಾಕೆ, ಇಬ್ಬನಿ ಬಿದ್ದ ಟಾರ್ ಸಾಕು ಕಣೋ."

ತಮ್ಮ ಇರುವ ಸೀಮೆಯಲ್ಲಿ 7 ಡಿಗ್ರಿಗಿಂತ ಕೆಳಗೆ ಮಾಮೂಲಿ ರಬ್ಬರ್ ಬಿರುಸಾಗಿ ಹಿಡಿತ ಬಿಡುತ್ತದೆ. ಅದಕ್ಕೇ ಬೇರೆ ಟೈರು. ಕೋಲಾರದ ಚಳಿ ಅಷ್ಟು ದೂರ ಹೋಗುವುದು ಅಪರೂಪ. ಆದರೆ ನೈಸಾದ ಟೈರಿಗೆ ನೀರು ಹೊರಹಾಕಲು ಗೀರೇ ಇಲ್ಲ. ಜೊತೆಗೆ 5–6 ಡಿಗ್ರಿ ಇಳಿದರೆ ಗಾಳಿ ಸುಮಾರು 1 ಪಿಎಸ್‌ಐ ಕುಗ್ಗುತ್ತದೆ. ಗೇಜ್ ಒತ್ತಿ, ನಾಲ್ಕೂ ಚಕ್ರ ನೋಡಿ, ಹಿಂದಿನ ಕೆಂಪು ದೀಪದ ಮೇಲಿನ ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಅವನು ಸೀಟಿಗೆ ಏರುವುದು.

ಗಾಡಿ ಹೊರಡುತ್ತದೆ. ನಿಮಗೆ ಮುಂದೇನೂ ಕಾಣದೆ "ಹೈಬೀಮ್ ಹಾಕಪ್ಪ" ಅನ್ನುತ್ತೀರಿ. ಹಾಕಿ ತೋರಿಸುತ್ತಾನೆ: ಬೆಳಕೆಲ್ಲ ಮಂಜಿಗೆ ತಾಗಿ ಬಿಳಿ ಗೋಡೆಯಂತೆ ಎದುರು ನಿಲ್ಲುತ್ತದೆ. ಡಿಮ್‌ಗೆ ಇಳಿಸಿದೊಡನೆ ರಸ್ತೆಯಂಚಿನ ಬಿಳಿ ಗೆರೆ ಸಿಗುತ್ತದೆ. ಎರಡನೇ ಗೇರು, ಆಗಾಗ ಹಾರನ್ನು. ಇದ್ದಕ್ಕಿದ್ದಂತೆ ದೀಪವಿಲ್ಲದ ಟ್ರಾಕ್ಟರ್ ಟ್ರೈಲರ್. ಬ್ರೇಕ್ ಒತ್ತುತ್ತಾನೆ, ಹಿಂಬದಿ ಒಂದಿಷ್ಟು ಎಡಕ್ಕೆ ಜಾರಿ, ಬಾಕ್ಸುಗಳು ಕಿರುಗುಟ್ಟಿ, ಗಾಡಿ ನಿಲ್ಲುತ್ತದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಕೋಲಾರ ಎಪಿಎಂಸಿಯಲ್ಲಿ ಬಾಕ್ಸುಗಳು ಇಳಿಯುತ್ತಿರುವಾಗ ಅವನ ಲೆಕ್ಕ ಮುಗಿದಿದೆ. "ಈ ವಾರದ ಬಾಡಿಗೆ ಸೇರಿಸಿದ್ರೆ ಹಿಂದಕ್ಕೆ ಒಂದು ಜೊತೆ ಆಗ್ತದೆ ಸಾರ್. ರೀಸೋಲ್ ಬೇಡ, ಹೊಸದೇ. ಬಿಲ್ಲಿನ ಫೋಟೊ ತಮ್ಮನಿಗೆ ಕಳಿಸ್ಬೇಕು, ಬಾಯಲ್ಲಿ ಹೇಳಿದ್ರೆ ಅವನು ನಂಬಲ್ಲ."