ಚಿಟ್ಟಿ ಯಾವುದು, ಗದ್ದಲ ಯಾವುದು?

ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸಬಲ್ಲುದೆಂದು ಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುತ್ತಿದ್ದೆವು. ಛಾಯಾಚಿತ್ರದೊಳಗಿನ ‘ನಾಯ್ಸ್’ ಎಂಬ ಗದ್ದಲವನ್ನು ಕಳೆದುಕೊಡುವ ಈಗಿನ ಸಾಫ್ಟ್‌ವೇರುಗಳೂ ಅದೇ ಬಿರುದನ್ನು ಹೊತ್ತು ಬಂದಿವೆ. ನಿವೃತ್ತನಾದ ಮೇಲೆ ಕ್ಯಾಮರಾ ಹಿಡಿದ ನಾನು ಅವುಗಳಲ್ಲಿ ಮೂರನ್ನು ಒಂದೇ ಚಿತ್ರದ ಮೇಲೆ ಪ್ರಯೋಗಿಸಿ ಕಂಡುದನ್ನು ವಾಚಕರ ಮುಂದಿಡುತ್ತೇನೆ.

ಬೆಳಕು ಅಖಂಡ ಧಾರೆಯಾಗಿ ಬೀಳದೆ, ಮಳೆಹನಿಗಳಂತೆ ಕಣಕಣವಾಗಿ ಅನಿಯತವಾಗಿ ಬೀಳುತ್ತದೆ. 100 ಕಣಗಳು ಬೀಳುವೆಡೆಯಲ್ಲಿ ಸುಮಾರು 10ರಷ್ಟು ಏರುಪೇರು, ಎಂದರೆ ಹತ್ತರಲ್ಲೊಂದು ಪಾಲು. 10,000 ಬೀಳುವೆಡೆಯಲ್ಲಿ 100, ಎಂದರೆ ನೂರರಲ್ಲೊಂದು ಪಾಲು ಮಾತ್ರ. ಹಗಲಿನ ಚಿತ್ರ ನುಣ್ಣಗಿದ್ದು ಇರುಳಿನ ಚಿತ್ರ ಮರಳೆರಚಿದಂತೆ ಕಾಣುವುದಕ್ಕೆ ಇದೇ ಮುಖ್ಯ ಕಾರಣವು.

ಮಂಗಳೂರಿನ ಸುತ್ತಮುತ್ತ ಇರುಳಿನ ಚಿತ್ರವೆಂದರೆ ಬಯಲಾಟದ ಚಿತ್ರವೇ ತಾನೆ! ನಾನು ಪರೀಕ್ಷೆಗೆ ಎತ್ತಿಕೊಂಡುದು ದೇವೀಮಹಾತ್ಮೆಯ ಮಹಿಷಾಸುರನ ಮುಖವನ್ನು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟನ್ನೂ ಸುಣ್ಣವನ್ನೂ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡುವರು. ಗಂಟೆಗಟ್ಟಲೆ ಅಲುಗದೆ ಕುಳಿತು ಮಾಡುವ ಕೆಲಸವದು. ಈ ವಿದ್ಯೆಯನ್ನು ಕಲಿಯುತ್ತಿರುವ ತರುಣನೊಬ್ಬನು ಚಿಟ್ಟಿಯ ಸಾಲುಗಳನ್ನು ನೋಡಿ ಅಭ್ಯಾಸಮಾಡುವುದಕ್ಕೆ ದೊಡ್ಡ ಪ್ರತಿಯೊಂದನ್ನು ನನ್ನಲ್ಲಿ ಕೇಳಿದ್ದನು. ದೊಂದಿಯ ಬೆಳಕಿನಲ್ಲಿ ಕುಣಿಯುವ ವೇಷವನ್ನು ಐಎಸ್ಒ 6400ರಲ್ಲಿ ತೆಗೆದಿದ್ದೆನಾದ್ದರಿಂದ ಬಿಳಿಯ ಚಿಟ್ಟಿಯೂ ಬಿಳಿಯ ಗದ್ದಲವೂ ಒಂದರೊಳಗೊಂದು ಬೆರೆತುಹೋಗಿದ್ದುವು.

ಮೊದಲು ಹಣ ತೆರಬೇಕಿಲ್ಲದ ಡಾರ್ಕ್‌ಟೇಬಲನ್ನು ತೆರೆದೆನು. ಅದರಲ್ಲಿರುವ ಉಪಾಯಗಳಲ್ಲೊಂದು, ಬ್ಯುವಾಡೆಸ್, ಕೋಲ್, ಮೊರೆಲ್ ಎಂಬ ಗಣಿತಜ್ಞರು 2005ರಲ್ಲಿ ಪ್ರಕಟಿಸಿದುದು: ಚಿತ್ರದ ಒಂದು ತುಣುಕಿಗೆ ಸದೃಶವಾದ ಬೇರೆ ತುಣುಕುಗಳನ್ನು ಅದೇ ಚಿತ್ರದಲ್ಲಿ ಹುಡುಕಿ ಸರಾಸರಿ ಹಿಡಿಯುವುದು. ಇದರಿಂದ ಮರಳು ಪೂರ್ಣವಾಗಿ ಹೋಗಲಿಲ್ಲ; ಕೆಲವು ಚಿಟ್ಟಿಗಳ ತುದಿಯೂ ಮೊಂಡಾಯಿತು. ಆದರೆ ಇದ್ದುದು ಇದ್ದಲ್ಲಿಯೇ ಉಳಿಯಿತು.

ಇನ್ನೊಂದು ಜಾತಿಯವು ಕೃತಕ ಬುದ್ಧಿಯವು. ಅಡೋಬಿಯವರ ಲೈಟ್‌ರೂಮಿಗೆ 2023ರ ಏಪ್ರಿಲಿನಲ್ಲಿ ಸೇರಿದುದು, ಡಿಎಕ್ಸ್ಒ, ಟೋಪಾಜ್ ಮೊದಲಾದವು ಈ ವರ್ಗಕ್ಕೆ ಸೇರಿದವು. ಅಸಂಖ್ಯ ಚಿತ್ರಗಳನ್ನು ನೋಡಿ ಕಲಿತಿರುವುದರಿಂದ, ಇಲ್ಲಿ ಏನಿದ್ದಿರಬೇಕೆಂದು ಇವು ಊಹಿಸುತ್ತವೆ. ಈ ಜಾತಿಯ ಎರಡನ್ನು ಪರೀಕ್ಷಿಸಿದೆನು. ಯಾವುದು ಏನು ಮಾಡಿತೆಂದು ಹೆಸರೆತ್ತುವುದಿಲ್ಲ, ವರ್ಷಕ್ಕೊಮ್ಮೆ ರೂಪ ಬದಲಿಸುವ ವಸ್ತುಗಳವು. ಒಂದನ್ನು ಪೂರ್ಣಪ್ರಮಾಣದಲ್ಲಿಟ್ಟಾಗ ಬಲಗೆನ್ನೆಯ ಚಿಟ್ಟಿಗಳೆಲ್ಲ ಕೂಡಿ ಹಿಟ್ಟು ಮೆತ್ತಿದಂತಾಯಿತು. ಇನ್ನೊಂದು, ನೆರಳು ಬಿದ್ದ ಎಡಗೆನ್ನೆಯಲ್ಲಿ ಅಚ್ಚುಕಟ್ಟಾದ ಮುಳ್ಳುಗಳ ಸಾಲೊಂದನ್ನು ಎಬ್ಬಿಸಿತು.

“ಮಾವ, ಎಷ್ಟು ಚಂದ ಬಂದಿದೆ ನೋಡಿ!” ಎಂದನು ಪಕ್ಕದಲ್ಲಿದ್ದ ಸೋದರಳಿಯ.

“ಚಂದವೇನೋ ಹೌದು. ಈ ಮುಳ್ಳುಗಳನ್ನು ಇಟ್ಟವರಾರಪ್ಪ?” ಎಂದೆನು.

ತಾಳೆಗರಿಯಲ್ಲಿ ಹುಳು ತಿಂದೆಡೆಯನ್ನು ಒಬ್ಬ ಸಂಪಾದಕನು ಖಾಲಿಯಾಗಿಯೇ ಬಿಟ್ಟು ಗುರುತುಮಾಡುತ್ತಾನೆ. ಇನ್ನೊಬ್ಬನು ತನ್ನದೇ ಪದಗಳನ್ನು ತುಂಬುತ್ತಾನೆ. ಛಂದಸ್ಸು ಕೆಡದಿರುವುದರಿಂದಲೇ ಓದುವವನಿಗೆ ಅದು ತಿಳಿಯದು. ಆ ಎಡಗೆನ್ನೆ ಇಂಥ ಪೂರಣವಾಗಿತ್ತು. ಕಲಿಯುವ ಹುಡುಗನು ಅದನ್ನು ಪಾಠವೆಂದು ನಂಬಿದ್ದರೆ, ಯಾವ ಗುರುವೂ ಇಡದ ಚಿಟ್ಟಿಯೊಂದು ನಾಳೆ ರಂಗಸ್ಥಳಕ್ಕೆ ಬರುತ್ತಿತ್ತು.

ಇಷ್ಟರಿಂದ ಈ ಜಾತಿಯನ್ನೇ ಬಹಿಷ್ಕರಿಸಬೇಕಾಗಿಲ್ಲ. ದೀಪಾವಳಿಯ ಹಣತೆಯ ಬೆಳಕಿನಲ್ಲಿ ತೆಗೆದ ಮೊಮ್ಮಗಳ ಚಿತ್ರಕ್ಕೆ ಇವುಗಳಷ್ಟು ಚೆನ್ನಾದ ಉಪಚಾರ ಬೇರೆಯಿಲ್ಲ. ಪ್ರಮಾಣವನ್ನು ಮೂರರಲ್ಲೊಂದು ಪಾಲಿಗೆ ಇಳಿಸಿದಾಗ ಮಹಿಷಾಸುರನ ಬಲಗೆನ್ನೆಯೂ ಬಹುಮಟ್ಟಿಗೆ ಉಳಿಯಿತು. ಬಣ್ಣಬಣ್ಣದ ಚುಕ್ಕೆಗಳನ್ನು ನಿಶ್ಚಿಂತೆಯಿಂದ ಕಳೆಯಬಹುದು. ಬಿಳಿಕಪ್ಪಿನ ಮರಳನ್ನು ಮಾತ್ರ ಸ್ವಲ್ಪ ಉಳಿಸಿಕೊಳ್ಳುವುದು ಲೇಸು. ಮೂಲದ ಕಡತವನ್ನಂತೂ ಎಂದಿಗೂ ಅಳಿಸಬಾರದು.

ತರುಣನಿಗೆ ಡಾರ್ಕ್‌ಟೇಬಲಿನ ಪ್ರತಿಯನ್ನೇ ಅಚ್ಚುಹಾಕಿಸಿ ಕೊಟ್ಟೆನು. ಎಡಗೆನ್ನೆಗಾಗಿ, ಮುಂದಿನ ಆಟದ ದಿನ ವೇಷಧಾರಿಯ ಅನುಮತಿ ಪಡೆದು ಚೌಕಿಗೆ ಹೋದೆನು. ಚಿಟ್ಟಿ ಒಣಗುವವರೆಗೆ ಅವರು ಅಲುಗುವಂತಿರಲಿಲ್ಲ. ಕ್ಯಾಮರಾವನ್ನು ಮೂರುಕಾಲಿನ ಮೇಲಿರಿಸಿ, ಐಎಸ್ಒ 200ರಲ್ಲಿ, ಸಾವಕಾಶವಾಗಿ ತೆಗೆದ ಆ ಚಿತ್ರಕ್ಕೆ ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ.